ಹಿಮದ ಮೇಲಿನ ಮಸಿ

ಕ್ಯಾಲ್ಗರಿ, ಕೆನಡಾ
15 ಸೆಪ್ಟೆಂಬರ್ 2024

ಪ್ರೀತಿಯ ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ಕೆಮ್ಮು ಕಮ್ಮಿಯಾಗಿದೆ. ಹೊಗೆ ಇದ್ದಷ್ಟು ದಿನ ಮುಚ್ಚಿಟ್ಟಿದ್ದ ಕಿಟಕಿಗಳನ್ನು ಈಗ ತೆಗೆಯುತ್ತಿದ್ದೇವೆ. ಜುಲೈನಲ್ಲಿ ಕಾಡ್ಗಿಚ್ಚಿಗೆ ಸಿಕ್ಕ ಜಾಸ್ಪರ್ ಊರು ನಮ್ಮಿಂದ ಸುಮಾರು 400 ಕಿಲೋಮೀಟರ್ ದೂರ. ನೀನು ಸುಮ್ನೆ ಗಾಬರಿಯಾಗಬೇಡ. ಆದರೆ ಪಾಪ, ಆ ಊರಿನ ಮೂರರಲ್ಲಿ ಒಂದು ಪಾಲು ಸುಟ್ಟುಹೋಯಿತು.

ಹೋದ ವಾರ ಜಾಸ್ಪರ್‌ಗೆ ಹೋಗುವ ದಾರಿಯಲ್ಲಿರುವ ಅಥಬಾಸ್ಕಾ ಹಿಮನದಿಗೆ ಹೋಗಿದ್ದೆವು. ನದಿ ಅಂದರೆ ನೀರಲ್ಲ, ಬೆಟ್ಟದಿಂದ ಇಳಿದು ಬಂದ ಮಂಜುಗಡ್ಡೆ. ಯಾವ ವರ್ಷ ಎಲ್ಲಿವರೆಗೆ ಇತ್ತು ಅಂತ ದಾರಿಯುದ್ದಕ್ಕೂ ಫಲಕ ನೆಟ್ಟಿದ್ದಾರೆ. ಸುಮಾರು 125 ವರ್ಷದಲ್ಲಿ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಹಿಂದೆ ಸರಿದಿದೆ.

ಗೈಡ್ ಜೊತೆ ಮೇಲೆ ಹತ್ತಿದೆವು. ಹಾಲಿನ ಹಾಗೆ ಬೆಳ್ಳಗಿರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಬಚ್ಚಲೊಲೆಯ ಗೋಡೆಯ ಬಣ್ಣ! ಅಲ್ಲಲ್ಲಿ ಬೆರಳು ತೂರುವಷ್ಟು ತೂತುಗಳು. ಒಳಗೆ ತಿಳಿನೀರು, ತಳದಲ್ಲಿ ಚಿಟಿಕೆ ಕಪ್ಪು ಕೆಸರು. ಆ ಚಿಟಿಕೆ ಕೆಸರೇ ಬಿಸಿಲು ಕುಡಿದು, ಬಿಸಿಯಾಗಿ, ಮಂಜುಗಡ್ಡೆಯನ್ನು ಕೊರೆದುಕೊಂಡು ಇಳಿದಿರುತ್ತದಂತೆ. ಬಂಡೆಯ ಧೂಳೂ ಅದರಲ್ಲಿ ಇರುತ್ತದೆ, ಕಾಡ್ಗಿಚ್ಚಿನ ಮಸಿಯೂ ಇರುತ್ತದೆ.

ಮೆಣಸು ಒಣಗಿಸುವಾಗ ಅಪ್ಪ "ಬಿಳಿ ಟಾರ್ಪಾಲ್ ಬೇಡ, ಕಪ್ಪದನ್ನು ಹಾಸ್ರೋ" ಅಂತ ಅಂಗಳದಿಂದ ಕೂಗುತ್ತಿದ್ದರಲ್ಲ, ಅದೇ ಲೆಕ್ಕ ಇದು. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ನೂರರಲ್ಲಿ 80ಕ್ಕೂ ಹೆಚ್ಚು ಪಾಲನ್ನು ವಾಪಸ್ ಕಳಿಸುತ್ತದೆ. ಮಸಿ ಹಿಡಿದ ಹಳೆಯ ಮಂಜುಗಡ್ಡೆ ಮುಕ್ಕಾಲು ಪಾಲು ನುಂಗಿಬಿಡುತ್ತದೆ. ಹೊಗೆ ಬಿಸಿಲಿಗೆ ಅಡ್ಡ ಬರುತ್ತದಲ್ವಾ ಅಂತ ನಾನೂ ಕೇಳಿದೆ. ಅಡ್ಡ ಬರುತ್ತದೆ, ಆದರೆ ಎಷ್ಟು ದಿನ? ಗಾಳಿ ತಿರುಗಿದರೆ ಹೊಗೆ ಹೋಯಿತು, ಮಸಿ ಅಲ್ಲೇ ಕೂತಿತು. ಬೂದಿಯ ಸಾರಕ್ಕೆ ಮಂಜುಗಡ್ಡೆಯ ಮೇಲೆ ಪಾಚಿ ಬೇರೆ ಬೆಳೆಯುತ್ತದೆ. ಅದರಿಂದ ಇನ್ನೂ ಕಪ್ಪು.

ನೀನು ಬಸಳೆ ಬುಡಕ್ಕೆ ಒಲೆಯ ಬೂದಿ ಹಾಕುತ್ತೀಯಲ್ಲ, ಇಲ್ಲಿನ ಎತ್ತರದ ಕೆರೆಗಳಿಗೆ ಅದೇ ಬೂದಿ ಆಗಿಬರುವುದಿಲ್ಲ. ಅವು ಹುಟ್ಟಿನಿಂದ ಅರೆಹೊಟ್ಟೆಯ ಕೆರೆಗಳು. ಗೊಬ್ಬರದ ಅಂಶ ಇಲ್ಲದ್ದಕ್ಕೇ ಅಷ್ಟು ತಿಳಿ. ಬೂದಿಯಲ್ಲಿರುವ ರಂಜಕ, ಸಾರಜನಕ ಸ್ವಲ್ಪ ಬಿದ್ದರೂ ಪಾಚಿಗೆ ಹಬ್ಬ.

2023ರಲ್ಲಂತೂ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತ್ತು. ಕರ್ನಾಟಕದ ಮುಕ್ಕಾಲು ಪಾಲು ಅಂದುಕೋ. ಅಷ್ಟರ ಹೊಗೆ ಎಲ್ಲಿಗೆ ಹೋಗಬೇಕು ಹೇಳು? ನಾವು ಕುಡಿಯುವ ಬೋ ನದಿಯ ನೀರೂ ಇಂಥದ್ದೇ ಒಂದು ಹಿಮನದಿಯ ಬುಡದಿಂದ ಹೊರಡುತ್ತದೆ. ನಲ್ಲಿ ತಿರುಗಿಸುವಾಗ ಈಗ ಅದೇ ನೆನಪಾಗುತ್ತದೆ.

ಪುಟ್ಟಿ ನೀನು ಕಸೂತಿ ಹಾಕಿಕೊಟ್ಟ ಬಿಳಿ ಕರ್ಚೀಫಿನಿಂದ ಮಂಜುಗಡ್ಡೆಯನ್ನು ಒರೆಸಿದಳು, ಕ್ಲೀನ್ ಮಾಡ್ತೀನಿ ಅಂತ. ಅಂಗೈ ಅಗಲ ಕಪ್ಪಾಯಿತು. ಎರಡು ಸಲ ಒಗೆದರೂ ಹೋಗಿಲ್ಲ. ಅಂಟುವಾಳದಲ್ಲಿ ನೆನೆಸಿದರೆ ಹೋಗುತ್ತದಾ? ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ ಮಗಳು