ಜೊಕಾಸ್ಟ ಸುಮ್ಮನೆ ನಿಂತ ಹೊತ್ತು

ಪ್ರಿಯ ಮಂಜು,

ನಿನ್ನ ಮೆಸೇಜು ಬಂದು ನಾಲ್ಕು ದಿನವಾಯಿತು. ಫೋನಿನಲ್ಲಿ ಎರಡು ಸಾಲು ಕುಟ್ಟಿ ಕಳಿಸುವ ವಿಷಯವಲ್ಲ ಅನ್ನಿಸಿತು, ಅದಕ್ಕೇ ಪತ್ರ. ಬಿ.ಎ. ಮಕ್ಕಳಿಗೆ ಹಳೆಯ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ಈಡಿಪಸ್ ಪಾಠ ಮಾಡಬೇಕು, ಪಾತ್ರಕ್ಕೆ ಒಂದು ದಿನ, ವಸ್ತುವಿಗೆ ಒಂದು ದಿನ, ತಂತ್ರಕ್ಕೆ ಒಂದು ದಿನ ಅಂತ ಹಂಚಿಕೊಂಡಿದ್ದೀಯ. ನಮಗೂ ಹಾಗೇ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದೆವು, ನಂಬರೂ ಬಂತು. ನಾಟಕ ಮಾತ್ರ ನನ್ನೊಳಗೆ ಇಳಿಯಲಿಲ್ಲ ಕಣೋ. ಇಳಿದದ್ದು ಹೋದ ಮಳೆಗಾಲ, ಒಂದೇ ಒಂದು ದೃಶ್ಯವನ್ನು ಗಟ್ಟಿಯಾಗಿ ಓದಿಕೊಳ್ಳುವಾಗ.

ಕಾರಿಂತ್‌ನಿಂದ ಮುದುಕ ಬರುತ್ತಾನಲ್ಲ, ಆ ದೃಶ್ಯ. ದೊರೆ ಪಾಲಿಬಸ್ ತೀರಿಕೊಂಡ ಅಂತ ಸುದ್ದಿ ತರುತ್ತಾನೆ. ಪಾಲಿಬಸ್ಸೇ ತನ್ನ ತಂದೆ ಅಂತ ಈಡಿಪಸ್ ನಂಬಿದ್ದಾನೆ. ತಂದೆಯನ್ನು ಕೊಲ್ಲುತ್ತೀಯ, ತಾಯಿಯನ್ನು ಮದುವೆಯಾಗುತ್ತೀಯ ಅಂತ ಡೆಲ್ಫಿಯ ಗುಡಿಯಲ್ಲಿ ದೈವವಾಣಿ ನುಡಿದಿದ್ದಕ್ಕೆ ಹೆದರಿ ಆ ಊರನ್ನೇ ಬಿಟ್ಟು ಥೀಬ್ಸ್‌ಗೆ ಬಂದು ದೊರೆಯಾದವನು ಅವನು. ಈಗ ತಂದೆ ವಯಸ್ಸಾಗಿ ಸತ್ತ ಅಂತ ಕೇಳಿ ನಿರಾಳವಾಗುತ್ತದೆ. ಆದರೂ ಕಾರಿಂತ್‌ನಲ್ಲಿರುವ ತಾಯಿಯ ವಿಷಯದಲ್ಲಿ ಅಳುಕು ಹೋಗಿಲ್ಲ. ಪಾಪ, ಮುದುಕ ಆ ಅಳುಕನ್ನೂ ಕಳೆಯೋಣ ಅಂತ ಹೊರಡುತ್ತಾನೆ. ಅವರು ನಿನ್ನ ಹೆತ್ತವರೇ ಅಲ್ಲಪ್ಪ, ಕಿಥೇರಾನ್ ಬೆಟ್ಟದಲ್ಲಿ ನನ್ನ ಕೈಗೆ ಬಂದ ಕೂಸು ನೀನು, ಕಾಲಿನ ಗಿಣ್ಣು ಚುಚ್ಚಿ ಕಟ್ಟಿದ್ದರು, ಬಿಚ್ಚಿದವನೇ ನಾನು, ನಿನ್ನನ್ನು ತಂದುಕೊಟ್ಟವನು ಥೀಬ್ಸ್‌ನ ಹಿಂದಿನ ದೊರೆ ಲೈಯಸ್‌ನ ಕುರಿ ಕಾಯುವವನು.

ಇಷ್ಟು ಹೊತ್ತೂ ಜೊಕಾಸ್ಟ, ಲೈಯಸ್‌ನ ವಿಧವೆ, ಈಗ ಈಡಿಪಸ್‌ನ ಹೆಂಡತಿ, ಅಲ್ಲೇ ನಿಂತಿದ್ದಾಳೆ. 60ಕ್ಕೂ ಹೆಚ್ಚು ಸಾಲು ಅವಳದೊಂದು ಮಾತಿಲ್ಲ. ಪುಸ್ತಕ ಹಿಡಿದು ಕಣ್ಣಾಡಿಸುವಾಗ ಇದು ಗೊತ್ತೇ ಆಗುವುದಿಲ್ಲ, ಮಾತಿಲ್ಲದವಳ ಹೆಸರು ಪುಟದಲ್ಲಿ ಇರುವುದಿಲ್ಲ ನೋಡು. ಗಟ್ಟಿಯಾಗಿ ಓದುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಅವಳು ಹೋಗಿಲ್ಲ. ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ. ಗಂಡನೇ ತನ್ನ ಮಗ ಅಂತ ಅವನಿಗಿಂತ ಮೊದಲು ಅವಳಿಗೆ ಗೊತ್ತಾಗಿ ಹೋಗಿದೆ. ನನ್ನ ದನಿ ಅಲ್ಲೇ ನಿಂತಿತು ಮಾರಾಯ.

ಇನ್ನು ತಂತ್ರದ ಮಾತು. ನಾಟಕಕ್ಕೆ ಮೂರನೆಯ ನಟನನ್ನು ತಂದವನು ಸೊಫೋಕ್ಲಿಸ್ ಅಂತ ಅರಿಸ್ಟಾಟಲ್ ಹೇಳುತ್ತಾನೆ. ನಾವು ಅದನ್ನು ಒಂದು ಮಾರ್ಕಿನ ಪ್ರಶ್ನೆ ಅಂತ ಉರು ಹೊಡೆದಿದ್ದೆವು. ಇಬ್ಬರೇ ಇದ್ದರೆ ಒಬ್ಬ ಕೇಳಬೇಕು, ಇನ್ನೊಬ್ಬ ಹೇಳಬೇಕು. ಮೂರನೆಯವನು ಬಂದಾಗ ಅವನು ಸುಮ್ಮನೆ ನಿಲ್ಲಬಹುದು. ಇಲ್ಲಿ ಇಬ್ಬರು ಮಾತಾಡುತ್ತಾರೆ, ನಾವು ನೋಡಬೇಕಾದದ್ದು ಮೂರನೆಯವಳನ್ನು. ಮುಖಕ್ಕೆ ಮುಖವಾಡ ಬೇರೆ, ಮುಖಭಾವ ಕಾಣುವಂತಿಲ್ಲ. ನಿಂತ ಭಂಗಿಯಲ್ಲೇ ಎಲ್ಲ ಗೊತ್ತಾಗಬೇಕು.

ಕೊನೆಗೆ ಈಡಿಪಸ್ ಅವಳ ಕಡೆ ತಿರುಗುತ್ತಾನೆ. ಬಿಟ್ಟುಬಿಡು, ಕೇಳಬೇಡ ಅಂತ ಬೇಡಿಕೊಳ್ಳುತ್ತಾಳೆ. ನೀನು ಯಾರು ಅಂತ ನಿನಗೆ ಎಂದೂ ಗೊತ್ತಾಗದಿರಲಿ ಅನ್ನುತ್ತಾಳೆ. ಆಮೇಲೆ ಒಳಗೆ ಓಡಿಹೋಗುತ್ತಾಳೆ. ಅವನೋ, ತಾನು ಕೀಳು ಕುಲದವನು ಅಂತ ಬಯಲಾದರೆ ಇವಳಿಗೆ ನಾಚಿಕೆ ಅಂದುಕೊಳ್ಳುತ್ತಾನೆ. ಮೇಳದವರು ಖುಷಿಯಿಂದ ಹಾಡುತ್ತಾರೆ, ನಮ್ಮ ದೊರೆ ಯಾವುದೋ ದೇವರ ಮಗನೇ ಇರಬೇಕು ಅಂತ.

ಆ ಹಾಡು ಮುಗಿಯುವ ಹೊತ್ತಿಗೆ ಲೈಯಸ್‌ನ ಕುರುಬ ಬರುತ್ತಾನೆ. ಈಗ ಲೆಕ್ಕ ಹಾಕು. ಮಾತಾಡುವ ನಟರು ಮೂರೇ ಜನ, ಎಲ್ಲರೂ ಗಂಡಸರು. ಈಡಿಪಸ್ ಇನ್ನೂ ರಂಗದ ಮೇಲಿದ್ದಾನೆ, ಕಾರಿಂತ್‌ನ ಮುದುಕನೂ ಇದ್ದಾನೆ. ಹಾಗಾದರೆ ಕುರುಬ ಯಾರು? ಈಗ ತಾನೇ ಜೊಕಾಸ್ಟ ಆಗಿದ್ದವನೇ! ಹಾಡಿನ ಹೊತ್ತಲ್ಲಿ ಮುಖವಾಡ ಬದಲಿಸಿಕೊಂಡು ಬಂದಿದ್ದಾನೆ. ಬಯಲಾಟ ನೋಡಿ ಬೆಳೆದ ನಮಗೆ ಒಬ್ಬನೇ ಒಂದೇ ರಾತ್ರಿ ಎರಡು ವೇಷ ಕಟ್ಟುವುದು ಹೊಸತೇನಲ್ಲ. ಆದರೆ ಇಲ್ಲಿ ಆ ಕುರುಬ ಏನು ಹೇಳುತ್ತಾನೆ ನೋಡು. ಮಗುವನ್ನು ನಿನಗೆ ಕೊಟ್ಟವಳು ಇವಳೇನಾ ಅಂತ ಈಡಿಪಸ್ ಕೇಳುತ್ತಾನೆ. ಹೌದು ದೊರೆಯೇ, ಕೊಲ್ಲು ಅಂತ ಕೊಟ್ಟಳು ಅನ್ನುತ್ತಾನೆ.

ಇದಕ್ಕೂ ಮೊದಲು ಜೊಕಾಸ್ಟ ತಾನೇ ಈ ಕಥೆ ಹೇಳಿದ್ದಳು, ನೆನಪಿದೆಯಾ? ಮೂರು ದಿನ ತುಂಬದ ಕೂಸಿನ ಕಾಲು ಕಟ್ಟಿ ಲೈಯಸ್ ಬೇರೆಯವರ ಕೈಲಿ ಬೆಟ್ಟದಲ್ಲಿ ಎಸೆಸಿದ ಅಂದಿದ್ದಳು. ತನ್ನ ಕೈಯನ್ನು ಹೇಳಿರಲಿಲ್ಲ. ಅವಳು ನುಂಗಿಕೊಂಡ ಆ ಒಂದು ಮಾತು, ಅದೇ ನಟನ ಬಾಯಿಂದ, ಬೇರೆ ಮುಖವಾಡದೊಳಗಿಂದ ಹೊರಬರುತ್ತದೆ. ಇದನ್ನು ಪಾತ್ರ ಅನ್ನುತ್ತೀಯಾ, ತಂತ್ರ ಅನ್ನುತ್ತೀಯಾ? ಮೂರು ದಿನಕ್ಕೆ ಹಂಚಿದರೆ ಇದು ಯಾವ ದಿನದ ಪಾಠಕ್ಕೂ ಸಿಗುವುದಿಲ್ಲ.

ಗೈಡುಗಳಲ್ಲಿ ಅಹಂಕಾರವೇ ಅವನ ದೋಷ ಅಂತಿರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡ. ದುರಂತ ನಾಯಕನ ತಪ್ಪಿಗೆ ಅರಿಸ್ಟಾಟಲ್ ಬಳಸಿದ ಹಮಾರ್ಷಿಯಾ ಅನ್ನುವ ಪದ ಗುರಿ ತಪ್ಪುವುದು ಅನ್ನುವ ಅರ್ಥದಿಂದ ಬಂದದ್ದು. ಈಡಿಪಸ್‌ಗೆ ಮುಂಗೋಪ ಇದೆ, ನಿಜ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಮೇಲೆ ಕೂಗಾಡುತ್ತಾನೆ, ಜೊಕಾಸ್ಟಳ ಸೋದರ ಕ್ರಿಯಾನ್ ಮೇಲೆ ಅನುಮಾನ ಪಡುತ್ತಾನೆ. ಆದರೆ ಅವನನ್ನು ಮುಳುಗಿಸಿದ್ದು ಪ್ರಶ್ನೆಯನ್ನು ಅರ್ಧಕ್ಕೆ ಬಿಡಲಾರದ ಗುಣ. ಅದೇ ಗುಣದಿಂದ ಸ್ಫಿಂಕ್ಸ್ ಅನ್ನುವ ರಾಕ್ಷಸಿಯ ಒಗಟು ಬಿಡಿಸಿ ಥೀಬ್ಸ್ ಉಳಿಸಿದ್ದ. ಊರಿಗೆ ಪಿಡುಗು ಬಂದಾಗಲೂ ಜನ ಅವನ ಬಾಗಿಲಿಗೇ ಬಂದರು. ಕೆಟ್ಟವರು ಈ ನಾಟಕದಲ್ಲಿ ಯಾರಿದ್ದಾರೆ ಹೇಳು? ಮುದುಕ ಬಂದದ್ದು ಭಯ ಕಳೆಯುವುದಕ್ಕೆ. ಜೊಕಾಸ್ಟ ಆ ಕಥೆ ಹೇಳಿದ್ದೂ ಗಂಡನ ಸಮಾಧಾನಕ್ಕೆ. ಕುರುಬ ಕೂಸನ್ನು ಉಳಿಸಿದ್ದು ಕರುಳು ಚುರ್ ಅಂದದ್ದಕ್ಕೆ. ಒಬ್ಬೊಬ್ಬರ ಅಕ್ಕರೆಯೂ ಅವನನ್ನು ಒಂದೊಂದು ಹೆಜ್ಜೆ ಆ ಕಡೆಗೇ ನೂಕುತ್ತದೆ. ನನಗೆ ಜಾಸ್ತಿ ಸಂಕಟ ಕೊಡುವುದು ಇದೇ.

ಇಂಗ್ಲಿಷ್ ಅನುವಾದ ಮಕ್ಕಳಿಗೆ ಕಷ್ಟವಾದರೆ ಲಂಕೇಶರ ಕನ್ನಡ ಅನುವಾದ ಇದೆ, ಜೊತೆಗಿಟ್ಟುಕೋ. ಪುರುಸೊತ್ತಿದ್ದರೆ ಬಿ.ಎಂ.ಶ್ರೀ. ಅವರ ಅಶ್ವತ್ಥಾಮನ್ ತೋರಿಸು. ಸೊಫೋಕ್ಲಿಸನದೇ ಇನ್ನೊಂದು ನಾಟಕ, ಏಜಾಕ್ಸ್, ಅದರ ಹಿಂದಿದೆ.

ಒಂದು ಕೆಲಸ ಮಾಡು. ಮೊದಲ ದಿನವೇ ಮೂವರನ್ನು ಎದ್ದು ನಿಲ್ಲಿಸು. ಇಬ್ಬರು ಓದಲಿ. ಜೊಕಾಸ್ಟ ಆದವಳು ಸುಮ್ನೆ ನಿಂತಿರಲಿ, ಅಷ್ಟೇ. ಯಾವ ಮಾತಿಗೆ ಅವಳಿಗೆ ಗೊತ್ತಾಯಿತು ಅಂತ ಉಳಿದವರು ಹೇಳಲಿ. ಬೆಟ್ಟದ ಹೆಸರಿಗಾ, ಕಾಲಿನ ಗಾಯಕ್ಕಾ, ಲೈಯಸ್ ಅಂದಾಗಲಾ? ನನ್ನ ಪ್ರಕಾರ ಕಾಲಿಗೆ. ಅವಳು ಕಥೆ ಹೇಳಿದಾಗ ಈಡಿಪಸ್‌ನ ಕಿವಿಗೆ ಬಿದ್ದದ್ದು ಲೈಯಸ್ ಸತ್ತ ಮೂರು ದಾರಿ ಕೂಡುವ ಜಾಗ ಮಾತ್ರ (ಅಂಥ ಜಾಗದಲ್ಲೇ ಅವನೂ ಒಬ್ಬ ಮುದುಕನನ್ನು ಕೊಂದಿದ್ದ), ಕಟ್ಟಿದ ಕಾಲಲ್ಲ. ತನ್ನ ಹೆಸರಲ್ಲೇ ಊದಿದ ಕಾಲು ಅಂತಿದ್ದರೂ ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಮರೆತಿರಲಾರಳು.

ನಿನ್ನ ಮಕ್ಕಳು ಏನಂದರು ಅಂತ ತಪ್ಪದೆ ಬರೆ. ಕಾಯುತ್ತಿರುತ್ತೇನೆ.

ನಿನ್ನ,
ರಘು