ತುರಿಕೆಗೆ ಮುಲಾಮು ಹಚ್ಚುವ ಮುನ್ನ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ತೊಡೆಸಂದಿಯ ತುರಿಕೆಗೆ ಗೆಳೆಯ ಕೊಟ್ಟ ಮುಲಾಮು ಹಚ್ಚಿದಾಗ ಹಾಯೆನಿಸಿತೆಂದೂ, ಬಿಟ್ಟ ಮೇಲೆ ಅದು ಮೊದಲಿಗಿಂತ ಅಗಲವಾಗಿ ಹಬ್ಬಿತೆಂದೂ ಬರೆದಿದ್ದೀಯೆ. ಆ ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಓದು. ಕ್ಲೊಬೆಟಸಾಲ್, ಬೆಟಾಮೆಥಸೋನ್ ಎಂಬಂಥ ಹೆಸರಿದ್ದರೆ ಅದು ಸ್ಟಿರಾಯ್ಡ್. ಅಂಚು ಕೆಂಪಗೆ ಉಬ್ಬಿ, ನಡುಭಾಗ ತಿಳಿಯಾಗುತ್ತ ಉಂಗುರದಂತೆ ಹರಡುವುದು ಹುಳುಕಡ್ಡಿಯ ಲಕ್ಷಣ. ಹೆಸರು ಹುಳುವಿನದಾದರೂ ಕಾರಣ ಶಿಲೀಂಧ್ರ. ಸ್ಟಿರಾಯ್ಡ್ ಉರಿಯನ್ನೂ ಕೆಂಪನ್ನೂ ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಪ್ರತಿರೋಧ ಕುಗ್ಗಿದೊಡನೆ ಅದು ನಿರಾತಂಕವಾಗಿ ಬೆಳೆಯುತ್ತದೆ, ಉಂಗುರದ ಗುರುತೂ ಮಸುಕಾಗಿ ವೈದ್ಯರಿಗೇ ಪತ್ತೆ ಹಚ್ಚುವುದು ಕಷ್ಟವಾಗುತ್ತದೆ. ಸಂದಿಗಳ ಚರ್ಮ ತೆಳುವಾದ್ದರಿಂದ, ಬಹುಕಾಲ ಹಚ್ಚಿದರೆ ಅಳಿಯದ ಗೆರೆಗಳೂ ಮೂಡಬಹುದು. ವೈದ್ಯರ ಬಳಿಗೆ ಹೋಗುವಾಗ ಆ ಟ್ಯೂಬನ್ನೂ ಜೊತೆಗೆ ಒಯ್ಯಿ. ಅವರು ಕೊಡುವ ಶಿಲೀಂಧ್ರನಾಶಕವನ್ನು, ತುರಿಕೆ ನಿಂತಿತೆಂದು ನಡುವೆ ಬಿಡದೆ, ಹೇಳಿದಷ್ಟು ದಿನವೂ ಹಚ್ಚು.

ಹಾಗೆಂದು ಸ್ಟಿರಾಯ್ಡ್ ವಿಷವೇನಲ್ಲ. ಇಸುಬಿಗೆ ವೈದ್ಯರು ಅದನ್ನೇ ಅಳತೆಯಿಟ್ಟು ಕೊಡುತ್ತಾರೆ. ಅಲ್ಲಿ ತುರಿಕೆಯ ಮೂಲ ಒಣಗಿ ಬಿರಿದ ಚರ್ಮವಾದ್ದರಿಂದ, ಸ್ನಾನವಾದ ಕೂಡಲೇ ಮೈಯ ಪಸೆ ಆರುವ ಮುನ್ನ ತೇವ ಹಿಡಿದಿಡುವ ಲೇಪವನ್ನು ಹಚ್ಚುವುದು ಔಷಧಿಯಷ್ಟೇ ಮುಖ್ಯ.

ನಿನ್ನ ಕೋಣೆಯ ಗೆಳೆಯನ ವಿಷಯ ಬೇರೆ. ರಾತ್ರಿ ಮಲಗಿದ ಮೇಲೆ ತುರಿಕೆ ಹೆಚ್ಚುವುದು, ಬೆರಳ ಸಂದು, ಮಣಿಕಟ್ಟು, ಸೊಂಟಗಳಲ್ಲಿ ಸಣ್ಣ ಗುಳ್ಳೆಗಳಿರುವುದು ತುರಿಕಜ್ಜಿಯ ಜಾಡು. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಹೆಣ್ಣು ನುಸಿ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಮೊದಲ ಬಾರಿ ಅಂಟಿದವರಿಗೆ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರ ಹಿಡಿಯುವುದರಿಂದ, ಈಗ ಆರಾಮವಾಗಿರುವವರೂ ಸೇರಿ ಜೊತೆಗಿರುವವರೆಲ್ಲ ಒಂದೇ ದಿನ ಚಿಕಿತ್ಸೆ ಪಡೆಯಬೇಕು; ಒಬ್ಬನು ಸಂಕೋಚಪಟ್ಟು ಉಳಿದರೂ ಅದು ಮತ್ತೆ ಎಲ್ಲರಿಗೂ ಸುತ್ತಿ ಬರುತ್ತದೆ. ಸಾಮಾನ್ಯವಾಗಿ ಕೊಡುವ 5 ಶೇಕಡಾ ಪರ್ಮೆಥ್ರಿನ್ ಕ್ರೀಮನ್ನು ತುರಿಸುವಲ್ಲಿ ಮಾತ್ರವಲ್ಲ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಅಡಿಗೂ ಬಿಡದೆ ಸವರಬೇಕು. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯುವುದುಂಟು. ಅದಕ್ಕೆ ಹೆದರಿ ದಿನವೂ ಹಚ್ಚಿದರೆ ಚರ್ಮ ಕೆರಳುತ್ತದೆಯಷ್ಟೆ.

ಪಿತ್ತಗಂಧೆಯ ದದ್ದು ಒಂದೆಡೆ ಎದ್ದು, ಸಾಮಾನ್ಯವಾಗಿ 24 ಗಂಟೆಯೊಳಗೆ ಇಂಗಿ, ಇನ್ನೊಂದೆಡೆ ಏಳುತ್ತದೆ. ಜೊತೆಗೆ ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಮಾತ್ರ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಇನ್ನು, ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ವಾರಗಟ್ಟಲೆ ತುರಿಸುತ್ತಿದ್ದರೆ ಯಾವ ಮುಲಾಮನ್ನೂ ಹುಡುಕಬೇಡ. ಪಿತ್ತಜನಕಾಂಗ (ಲಿವರ್), ಮೂತ್ರಪಿಂಡ, ಥೈರಾಯ್ಡ್‌ಗಳ ತೊಂದರೆಯೂ ಹೀಗೆ ಕಾಣಿಸಿಕೊಳ್ಳಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸು.

ಇಂತು,
ನಿನ್ನ ದೊಡ್ಡಪ್ಪ