ಮಗಳಿಗೊಂದು ಪತ್ರ: ಕುಣಿಯುವ ಹೂ, ಹೊನ್ನಿನ ಹೂ

ಪ್ರೀತಿಯ ಮಗಳಿಗೆ,

ರೊಮ್ಯಾಂಟಿಕ್ ಕವಿಗಳಲ್ಲಿ ಚಿತ್ರ ಮೊದಲು ಹುಟ್ಟುತ್ತದೆ, ಪದಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ ಎಂದು ನೀನು ಬರೆದದ್ದನ್ನು ನಾನು ಒಪ್ಪಲಾರೆ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಡ್ಯಾಫೊಡಿಲ್ ಎಂಬ ಹಳದಿ ಹೂಗಳ ಮೇಲೆ ಬರೆದ ಕವಿತೆಯ 1807ರ ಪಾಠವನ್ನೂ ಅವನೇ ತಿದ್ದಿದ 1815ರ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿ ನೋಡು.

ಮೊದಲ ಪಾಠದಲ್ಲಿ ಹೂಗಳು ಕಣ್ಣಿಗೆ ಬೀಳುವಾಗಲೇ ‘ಡ್ಯಾನ್ಸಿಂಗ್’. ಎರಡು ಸಾಲು ದಾಟುವಷ್ಟರಲ್ಲಿ ಹತ್ತು ಸಾವಿರ ಹೂಗಳು ಗಾಳಿಗೆ ಮತ್ತೊಮ್ಮೆ ಕುಣಿಯುತ್ತವೆ. ಕುಣಿತವೇ ಎರಡು ಸಲ ಬಂದುದರಿಂದ ಚಿತ್ರ ಮುಂದಕ್ಕೆ ಸರಿಯುವುದಿಲ್ಲ. 1815ರಲ್ಲಿ ಕವಿ ಮೊದಲನೆಯ ಕುಣಿತವನ್ನು ತೆಗೆದು ‘ಗೋಲ್ಡನ್’ ಎಂದು ತಿದ್ದಿದ. ಆಗ ದೂರದಿಂದ ಬಣ್ಣ ಮಾತ್ರ ಕಾಣಿಸಿ, ನಂತರ ಎಸಳುಗಳ ಪಟಪಟಿಸುವಿಕೆ, ಅದರ ಬೆನ್ನಿಗೆ ಕುಣಿತ, ಹೀಗೆ ನೋಟ ಹಂತಹಂತವಾಗಿ ಹತ್ತಿರವಾಗತೊಡಗಿತು. ಹತ್ತು ಸಾವಿರದ ಲೆಕ್ಕ, ಹೊಸದಾಗಿ ಸೇರಿಸಿದ ಆಕಾಶಗಂಗೆಯ ನಕ್ಷತ್ರಗಳ ಪದ್ಯಕ್ಕೆ (ಚರಣಕ್ಕೆ) ಹೋಯಿತು. ಇನ್ನೊಂದು ಲಾಭವನ್ನೂ ಗಮನಿಸು: ಆ ನೋಟ ತನಗೆ ಎಂಥ ಸಂಪತ್ತು ತಂದಿತೆಂದು ತನಗಾಗ ಹೊಳೆಯಲಿಲ್ಲ ಎಂದು ಕವಿ ಮುಂದೆ ಹೇಳುವಾಗ, ಆ ಸಂಪತ್ತಿಗೆ ಬೇಕಾದ ಚಿನ್ನ ಮೊದಲ ಪದ್ಯದಲ್ಲಿಯೇ ಸಿದ್ಧವಾಗಿರುತ್ತದೆ.

ಎಲ್ಲ ತಿದ್ದುಪಡಿಯೂ ಇಷ್ಟು ಚೆನ್ನಾಗಿಲ್ಲ. ಹೂಗಳ ಸಂಗವನ್ನು ಬಣ್ಣಿಸುವಾಗ ‘ಲಾಫಿಂಗ್’ (ನಗುವ) ಇದ್ದಲ್ಲಿ ‘ಜಾಕಂಡ್’ (ಉಲ್ಲಾಸದ) ಬಂದದ್ದು ನನ್ನ ಮಟ್ಟಿಗೆ ನಷ್ಟವೇ. ನಗುವ ಹೂಗಳಿಗೆ ಮುಖವಿತ್ತು. ಈ ಪುಸ್ತಕದ ಪದ ಉಲ್ಲಾಸದ ಹೆಸರನ್ನಷ್ಟೇ ಹೇಳುತ್ತದೆ. ಜನರು ನಿಜವಾಗಿ ಆಡುವ ಭಾಷೆಯೇ ಕಾವ್ಯಕ್ಕೆ ಬೇಕೆಂದು ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ 1800ರ ಮುನ್ನುಡಿಯಲ್ಲಿ ವಾದಿಸಿದವನೂ ಇವನೇ!

ಆ ನಗು ಕವಿಯ ತಂಗಿ ಡೊರೊಥಿಯ ದಿನಚರಿಯಲ್ಲಿಯೂ ಇದೆ. 1802ರ ಏಪ್ರಿಲ್ 15ರಂದು ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಅಣ್ಣನೊಡನೆ ನಡೆದಿದ್ದ ಆಕೆ, ಕೆಲವು ಹೂಗಳು ದಣಿದು ಕಲ್ಲುಗಳನ್ನೇ ದಿಂಬಾಗಿಸಿಕೊಂಡು ತಲೆಯಿಟ್ಟಿದ್ದವೆಂದೂ, ಉಳಿದವು ತೂರಾಡಿ ಕುಣಿಯುತ್ತ ಗಾಳಿಯೊಡನೆ ನಗುವಂತಿದ್ದವೆಂದೂ ಬರೆದಳು. ಕವಿತೆಯಲ್ಲಿ ದಣಿದ ಹೂವಿಲ್ಲ, ಜೊತೆಗಿದ್ದ ತಂಗಿಯೂ ಇಲ್ಲ. ಮೊದಲ ಸಾಲಿನ ‘ಲೋನ್ಲಿ’ (ಒಂಟಿ) ಎಂಬ ಒಂದು ಪದ ದಡವನ್ನು ಬರಿದುಮಾಡಿದ್ದರಿಂದಲೇ, ಮರುಸಾಲುಗಳಲ್ಲಿ ಹೂಗಳು ‘ಕ್ರೌಡ್’ (ಗುಂಪು) ಆಗಿ, ಒಡನೆಯೇ ‘ಹೋಸ್ಟ್’ (ದಂಡು) ಆಗಿ, ದಂಡುಗಟ್ಟಿ ಬಂದಂತೆ ಕಾಣುತ್ತವೆ.

ಕೊನೆಯ ಪದ್ಯದಲ್ಲಿ ಹೂಗಳು ಮನಸ್ಸಿನ ಒಳಗಣ್ಣಿಗೆ ಕಾಣುವ ಎರಡು ಸಾಲುಗಳು ಕವಿಯ ಹೆಂಡತಿ ಮೇರಿಯವು, ಕವಿತೆಯಲ್ಲಿ ಅವೇ ಶ್ರೇಷ್ಠ ಎಂದು ಕವಿಯೇ ಹೇಳಿದ್ದಾನೆ. ಅಲ್ಲಿ ಹೂಗಳು ‘ಫ್ಲ್ಯಾಶ್’ ಆಗುತ್ತವೆ. ಕವಿ ಅವನ್ನು ನೆನೆಯಬೇಕಿಲ್ಲ, ಸುಮ್ಮನೆ ಒರಗಿರುವವನ ಮೇಲೆ ಅವೇ ಮಿಂಚಿ ಎರಗುತ್ತವೆ.

‘ಜಾಕಂಡ್’ ಪರವಾಗಿ ವಾದಿಸುವುದಿದ್ದರೆ ಮುಂದಿನ ಕಾಗದದಲ್ಲಿ ಬರೆ.

ಇತಿ,
ನಿನ್ನ ಅಪ್ಪ